ದೊಡ್ಡ ಬೈಕಿಗೆ ಮನೆಯಲ್ಲೇ ಮಾಡಿಕೊಂಡ ಭಾಗಗಳು: ನನ್ನ ಅನುಭವ

ನನ್ನದು ಎರಡು ಸಿಲಿಂಡರಿನ ದೊಡ್ಡ ಬೈಕು. ಟ್ಯಾಂಕ್ ತುಂಬಿದರೆ ತೂಕ 200 ಕಿಲೋ ದಾಟುತ್ತದೆ. ಇಂಥ ಬೈಕಿಗೆ ರೆಡಿಮೇಡ್ ಭಾಗಗಳು ಬೇಕಾದಷ್ಟು ಸಿಗುತ್ತವೆ. ಆದರೆ ನಾನು ಹೊರುವ ಸಾಮಾನಿಗೆ, ನಾನು ಓಡಿಸುವ ದಾರಿಗೆ ಒಪ್ಪುವಂಥದ್ದು ಸಿಗಲಿಲ್ಲ. ಹಾಗಾಗಿ ಇಂಜಿನ್ ಕೆಳಗಿನ ಗಾರ್ಡ್, ಹಿಂದಿನ ಲಗೇಜ್ ಕ್ಯಾರಿಯರ್, ಸೈಡ್ ಸ್ಟ್ಯಾಂಡಿನ ಅಗಲ ಪಾದ, ಫಾಗ್ ಲ್ಯಾಂಪಿನ ಬ್ರಾಕೆಟ್ ಎಲ್ಲಾ ಮನೆಯಲ್ಲೇ ಮಾಡಿಕೊಂಡೆ.

ಬ್ರೇಕ್, ಆಕ್ಸಲ್, ಹ್ಯಾಂಡಲ್ ಹಿಡಿದಿರುವ ಕ್ಲಾಂಪ್, ಇವಕ್ಕೆ ನಾನು ಕೈ ಹಾಕುವುದಿಲ್ಲ. ಮುರಿದರೆ ಸಾಮಾನು ಬೀಳಬೇಕು, ನಾನು ಬೀಳಬಾರದು. ಅಷ್ಟೇ ಲೆಕ್ಕ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇಂಜಿನ್ ಗಾರ್ಡ್. ಮೊದಲು ರಟ್ಟಿನಲ್ಲಿ ಕತ್ತರಿಸಿ, ಟೇಪ್ ಹಾಕಿ, ಬೈಕಿನ ಕೆಳಗೆ ಮಲಗಿ ಹಿಡಿದು ನೋಡಿದೆ. ರಟ್ಟು ಸರಿಯಾಗಿ ಕೂರುವ ತನಕ ಲೋಹ ಮುಟ್ಟಲಿಲ್ಲ. ಆಯಿಲ್ ಬಿಡುವ ಬೋಲ್ಟಿಗೆ ಸ್ಪ್ಯಾನರ್ ಹೋಗಬೇಕು, ಫಿಲ್ಟರ್ ಬಿಚ್ಚಲು ಬರಬೇಕು, ಸೈಲೆನ್ಸರ್ ಪೈಪಿಗೆ ತಗಲಬಾರದು, ಇಂಜಿನ್ನಿಗೆ ಗಾಳಿ ಆಡಬೇಕು. ಇದೆಲ್ಲ ರಟ್ಟಿನಲ್ಲೇ ತೀರ್ಮಾನವಾಗಬೇಕು.

ತಗಡು 4 ಮಿ.ಮೀ. ದಪ್ಪದ ಅಲ್ಯುಮಿನಿಯಂ, 5052 ದರ್ಜೆಯದು. ಹೆಚ್ಚು ಗಟ್ಟಿ ಅಂತ ಎಷ್ಟೋ ಜನ 6061-ಟಿ6 ತರುತ್ತಾರೆ. ಕೊರೆದು ಮಾಡುವ ದಪ್ಪ ಬ್ರಾಕೆಟ್ಟಿಗೆ ಅದು ಚೆನ್ನ. ಬಿಗಿಯಾಗಿ ಬಗ್ಗಿಸಲು ಹೋದರೆ ಮಡಿಕೆಯ ಹೊರಮೈಯಲ್ಲಿ ಬಿರುಕು ಬಿಡುತ್ತದೆ. 5052 ಹಾಗಲ್ಲ, ಹೇಳಿದ ಮಾತು ಕೇಳುತ್ತದೆ. ಎರಡು ಕಬ್ಬಿಣದ ಆಂಗಲ್‌ಗಳ ನಡುವೆ ತಗಡನ್ನು ಬಿಗಿದು, ಮಡಿಕೆ ಬೀಳುವ ಕಡೆಯ ಆಂಗಲ್ಲಿನ ಅಂಚನ್ನು ಅರದಿಂದ ದುಂಡಗೆ ಮಾಡಿ, ಮರದ ಕೊಡತಿಯಿಂದ ನಿಧಾನಕ್ಕೆ ಬಗ್ಗಿಸಿದೆ. ತಗಡು ಎಷ್ಟು ದಪ್ಪವೋ ಮಡಿಕೆಯ ಒಳದುಂಡು ಕನಿಷ್ಠ ಅಷ್ಟಾದರೂ ಇರಲಿ.

ಅಲ್ಯುಮಿನಿಯಂ ಕತ್ತರಿಸಲು ಜಿಗ್‌ಸಾ ಸಾಕು. ದೊಡ್ಡ ಹಲ್ಲಿನ ಬ್ಲೇಡು, ಆಗಾಗ ಒಂದೆರಡು ಹನಿ ಸೀಮೆಎಣ್ಣೆ. ಎಣ್ಣೆ ಇಲ್ಲದಿದ್ದರೆ ಚೂರುಗಳು ಹಲ್ಲಿನ ನಡುವೆ ಮೆತ್ತಿಕೊಂಡು ಬ್ಲೇಡು ಉಜ್ಜತೊಡಗುತ್ತದೆ. ಕಬ್ಬಿಣಕ್ಕೆ ಬಳಸುವ ಗ್ರೈಂಡಿಂಗ್ ಕಲ್ಲಿಗಂತೂ ಇದನ್ನು ಹಿಡಿಯಲೇಬೇಡಿ. ಕಲ್ಲಿನ ಸಂದಿಯಲ್ಲಿ ಲೋಹ ತುಂಬಿ, ಬಿಸಿಯೇರಿ, ಕಲ್ಲು ಸಿಡಿಯಬಹುದು.

ಗಾಳಿಕಿಂಡಿಗಳನ್ನು ಸುಮ್ನೆ ಚೌಕ ಕತ್ತರಿಸಲಿಲ್ಲ. ಎರಡು ತುದಿಗೂ ಡ್ರಿಲ್ಲಿನಿಂದ ದುಂಡು ತೂತು ಹಾಕಿ, ಆಮೇಲೆ ನಡುವೆ ಕತ್ತರಿಸಿದೆ. ಚೂಪು ಮೂಲೆ ಇದ್ದಲ್ಲಿ ಬಿರುಕು ಹುಟ್ಟುತ್ತದೆ. ಯಾಕೆ ಇಷ್ಟು ಜಾಗ್ರತೆ ಅಂದರೆ, ಬೈಕಿನ ಭಾಗವನ್ನು ಕೊಲ್ಲುವುದು ಸಾಮಾನಿನ ಭಾರಕ್ಕಿಂತ ಹೆಚ್ಚಾಗಿ ಇಂಜಿನ್ನಿನ ನಡುಕ. ಎರಡು ಕೈಯಲ್ಲಿ ಜೋತು ಬಿದ್ದರೂ ಅಲುಗದ ಬ್ರಾಕೆಟ್ಟು ಆ ಸಣ್ಣ ನಡುಕಕ್ಕೆ ಒಂದು ದಿನ ಪಟ್ ಅಂತ ಮುರಿಯುತ್ತದೆ. ಗೀರು, ಚೂಪು ಮೂಲೆ, ತೂತಿನ ಒರಟು ಅಂಚು, ವೆಲ್ಡಿಂಗಿನ ಅಂಚು, ಮುರಿಯುವುದು ಹೆಚ್ಚಾಗಿ ಇಲ್ಲಿಂದಲೇ. ಹಾಗಾಗಿ ಕತ್ತರಿಸುವುದಕ್ಕಿಂತ ಅಂಚು ನಯ ಮಾಡುವುದಕ್ಕೇ ನನಗೆ ಹೆಚ್ಚು ಹೊತ್ತು ಹಿಡಿಯಿತು. ಗಾರ್ಡನ್ನು ಫ್ರೇಮಿಗೆ ನೇರ ಬಿಗಿಯದೆ ನಡುವೆ ರಬ್ಬರ್ ಬುಷ್ ಕೊಟ್ಟೆ.

ಕ್ಯಾರಿಯರ್ ಮಾತ್ರ ಕಬ್ಬಿಣದ್ದು. ಮನೆಯಲ್ಲಿ ವೆಲ್ಡ್ ಮಾಡಲು ಮೈಲ್ಡ್ ಸ್ಟೀಲ್ ಪೈಪೇ ಸುಲಭ. ಜಿಂಕ್ ಲೇಪನದ ಪೈಪ್ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಕ್ಯಾರಿಯರನ್ನು ಬೈಕಿಗೆ ಹಿಡಿಸುವ ತೂತಿನ ಪಟ್ಟಿಗಳನ್ನು (ಕಿವಿಗಳನ್ನು) ಬೈಕಿಗೇ ಬೋಲ್ಟ್ ಹಾಕಿ, ಬ್ಯಾಟರಿ ಬಿಚ್ಚಿಟ್ಟು, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಕಳಚಿ, ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡ್ ಮಾತ್ರ ಮಾಡಿದೆ. ಪೂರ್ತಿ ವೆಲ್ಡಿಂಗ್ ಹೊರಗೆ, ಮೇಜಿನ ಮೇಲೆ. ಆರುವಾಗ ಬೆಸುಗೆ ಎಳೆಯುತ್ತದಲ್ವಾ? ಅದಕ್ಕೆ ಒಂದು ಕಡೆ ಸ್ವಲ್ಪ, ಎದುರು ಕಡೆ ಸ್ವಲ್ಪ ಅಂತ ಅದಲು ಬದಲು ಮಾಡುತ್ತಾ ಹೋಗಬೇಕು. ಆದರೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಹಿಂದಿನ ಎರಡು ತೂತುಗಳನ್ನು ಕೊಂಚ ಉದ್ದಕ್ಕೆ ಮಾಡಿದ್ದೆ. ಸೀಟಿನಿಂದ ತುಂಬಾ ಹಿಂದಕ್ಕೆ ಚಾಚಬೇಡಿ. ಹಿಂದಿನ ಚಕ್ರದ ಆಚೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತದೆ.

ಬೋಲ್ಟುಗಳು 8.8 ದರ್ಜೆಯವು, ಒಳಗೆ ನೈಲಾನ್ ಬಳೆ ಇದ್ದು ಸಡಿಲವಾಗದ ನೈಲಾಕ್ ನಟ್ಟು. ನಟ್ಟು ಹಾಕಲು ಜಾಗವಿಲ್ಲದ ಕಡೆ ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ಮಧ್ಯಮ ಬಿಗಿಯ ಥ್ರೆಡ್‌ಲಾಕ್. ಎಂ8 (8 ಮಿ.ಮೀ.) ಬೋಲ್ಟಿಗೆ ತೂತಿನೊಳಗೆ ಮರೆ, ಅಂದರೆ ಥ್ರೆಡ್, ಕೊರೆಯುವ ಮೊದಲು 6.8 ಮಿ.ಮೀ. ಡ್ರಿಲ್, ಎಂ6ಕ್ಕೆ 5. ಅಲ್ಯುಮಿನಿಯಂನಲ್ಲಿ ಸ್ಟೇನ್‌ಲೆಸ್ ಬೋಲ್ಟ್ ಹಾಕುವುದಾದರೆ ಆ್ಯಂಟಿ-ಸೀಜ್ ಅನ್ನುವ ಗ್ರೀಸಿನಂಥ ಲೇಪ ಬಳಿಯಿರಿ, ಇಲ್ಲದಿದ್ದರೆ ಮಳೆ ನೀರಿಗೆ ಎರಡೂ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ.

ಫಾಗ್ ಲ್ಯಾಂಪಿನ ಬ್ರಾಕೆಟ್ ಒಂದು ಸಂಜೆಯ ಕೆಲಸ. ವೈರಿಂಗ್ ಬಗ್ಗೆ ಒಂದೇ ಮಾತು. 55 ವಾಟಿನ ಎರಡು ಹ್ಯಾಲೊಜನ್ ಲ್ಯಾಂಪಿಗೆ 12 ವೋಲ್ಟಿನಲ್ಲಿ 9 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಬೇಕು. ಅದನ್ನು ಹ್ಯಾಂಡಲಿನ ಸಣ್ಣ ಸ್ವಿಚ್ಚಿನ ಮೂಲಕ ಹಾಯಿಸಬಾರದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹಾಕಿ. ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಸೈಡ್ ಸ್ಟ್ಯಾಂಡಿನ ಪಾದ ಇನ್ನೂ ಸುಲಭ: ಅಂಗೈ ಅಗಲದ ಉಕ್ಕಿನ ತಟ್ಟೆ, ಹಳೆ ಪಾದದ ಕೆಳಗೆ ಬೋಲ್ಟ್. ಮೆತ್ತನೆ ಮಣ್ಣಲ್ಲೂ ಸ್ಟ್ಯಾಂಡ್ ಸುಲಭಕ್ಕೆ ಹೂತುಹೋಗಿ ಬೈಕು ಉರುಳುವುದಿಲ್ಲ.

ಕ್ಯಾರಿಯರಿಗೆ ಕಪ್ಪು ಬಣ್ಣ ಹೊಡಿ, ಬೈಕಿಗೆ ಒಪ್ಪುತ್ತದೆ ಅಂತ ಗೆಳೆಯರೆಲ್ಲ ಹೇಳಿದರು. ನಾನು ತಿಳಿ ಬೂದು ಹೊಡೆದಿದ್ದೇನೆ. ಬೆಸುಗೆ ಬಿರುಕು ಬಿಟ್ಟರೆ ಅಲ್ಲಿ ತುಕ್ಕಿನ ಸಣ್ಣ ಗೆರೆ ಮೂಡುತ್ತದೆ. ಕಪ್ಪಿನಲ್ಲಿ ಅದು ಬೇಗ ಕಾಣುವುದಿಲ್ಲ. ಬೂದು ಬಣ್ಣದಲ್ಲಾದರೆ ಬೈಕು ತೊಳೆಯುವಾಗಲೇ ಕಣ್ಣಿಗೆ ಬೀಳುತ್ತದೆ.