ಶರೀಫರ ಪದ, ನನ್ನ ಧಾಟಿ, ಯಾರದ್ದೋ ಕ್ಲೇಮ್

ತತ್ವಪದ ಹಾಡಿ ಯೂಟ್ಯೂಬಿಗೆ ಹಾಕುವ ನಮ್ಮಂಥವರಿಗೆ ಕಾಪಿರೈಟ್ ಕ್ಲೇಮ್, ಅಂದ್ರೆ ಈ ಹಾಡು ನಮ್ಮದು ಅಂತ ಯಾವುದೋ ಕಂಪನಿ ವಿಡಿಯೊದ ದುಡ್ಡಿಗೆ ಕೈಹಾಕುವುದು, ಹೊಸದೇನಲ್ಲ. ಬಂದಾಗೆಲ್ಲ ಒಂದೇ ಮಾತು: "ಬಿಡ್ರಿ, ದೊಡ್ಡ ಕಂಪನಿ ಜೋಡಿ ನಮಗ್ಯಾಕ ಜಗಳ." ತಬಲಾ ನುಡಿಸುವವನೂ ಹೇಳಿದ, ಸ್ಟುಡಿಯೊದವರೂ ಹೇಳಿದರು. ನಾನು ಬಿಡಲಿಲ್ಲ. ಹೋದ ತಿಂಗಳು ಕೊನೆಯ ಕ್ಲೇಮೂ ಬಿದ್ದುಹೋಯಿತು, ಹಿಡಿದಿಟ್ಟಿದ್ದ ದುಡ್ಡೂ ಬಂತು.

ಮೊದಲ ಪೆಟ್ಟು ತಿಂದದ್ದು ಮಾತ್ರ ನನ್ನ ತಪ್ಪಿಗೇ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಕವಿ ತೀರಿದ ಮೇಲೆ ಹಕ್ಕು ಇರುವುದು 60 ವರ್ಷ. ಹಾಗಾದ್ರೆ ಯಾರು ಬೇಕಾದರೂ ಹಾಡಬಹುದು ಅಂದುಕೊಂಡೆ. ಪದ ಹಾಡಬಹುದು ನಿಜ, ಆದರೆ ನಾನು ಹಾಡಿದ್ದು ಕ್ಯಾಸೆಟ್ ಕಾಲದಲ್ಲಿ ಮನೆಮಾತಾದ ಧಾಟಿಯಲ್ಲಿ. ಆ ಧಾಟಿ ಕಟ್ಟಿದವರು ಬೇರೆ, ಅದರ ಹಕ್ಕು ಇನ್ನೂ ಇದೆ. ಕ್ಲೇಮ್ ಸರಿಯಾಗೇ ಇತ್ತು, ವಿಡಿಯೊ ತೆಗೆದೆ. ಹದಿನೆಂಟು ಸಾವಿರದ ಹತ್ತಿರ ಖರ್ಚು ಮಾಡಿದ್ದೆ, ಎಲ್ಲಾ ನೀರಲ್ಲಿ ಹೋಮ. ಬೇಂದ್ರೆ ಪದ್ಯ ಹಾಡಲು ಹೊರಟವರೂ ಸ್ವಲ್ಪ ಲೆಕ್ಕ ಹಾಕಿ. ಅವರು ತೀರಿದ್ದು 1981ರಲ್ಲಿ, ಅಂದ್ರೆ 2041 ಮುಗಿಯುವ ತನಕ ಒಪ್ಪಿಗೆ ಬೇಕು.

ಆಮೇಲೆ ನಾನೇ ಧಾಟಿ ಕಟ್ಟಿದೆ. ಆರು ತಿಂಗಳು ಹಿಡಿಯಿತು. ಹಾಕಿದ ಎರಡನೇ ದಿನಕ್ಕೇ ಕ್ಲೇಮ್! ಯಾವ ಹಾಡಿನ ಹೆಸರಲ್ಲಿ ಅಂತ ನೋಡಿದರೆ, ಹೊರರಾಜ್ಯದ ಯಾವುದೋ ಕಂಪನಿಯ ಧ್ಯಾನದ ಸಂಗೀತ. ಶರೀಫರ ಪದಕ್ಕೂ ಅದಕ್ಕೂ ಏನು ಸಂಬಂಧ? ಕಂಗಾಲಾಗಿ ಸುಮ್ನೆ ಕೂತೆ, ಅದೇ ದೊಡ್ಡ ನಷ್ಟ. ಐದು ದಿನದೊಳಗೆ ಡಿಸ್ಪ್ಯೂಟ್, ಅಂದ್ರೆ ಕ್ಲೇಮ್ ತಪ್ಪು ಅಂತ ತಕರಾರು, ಹಾಕಿದರೆ ಯೂಟ್ಯೂಬಿನವರು ಮೊದಲ ದಿನದಿಂದಲೇ ದುಡ್ಡನ್ನು ಯಾರಿಗೂ ಕೊಡದೆ ಹಿಡಿದಿಡುತ್ತಾರೆ. ನಾನು ಮೂರು ವಾರ ಕಳೆದೆ. ಅಷ್ಟರಲ್ಲಿ ನಾಲ್ಕು ಸಾವಿರದಷ್ಟು ಅವರ ಪಾಲಾಯಿತು.

ಕೊನೆಗೆ ಒಂದು ರಾತ್ರಿ ಹಾಡನ್ನು ಬಿಡಿಸಿದೆ. ದನಿ, ವಾದ್ಯ ಬೇರೆ ಬೇರೆ ಮಾಡಿದರೆ ಎಂಟು ಟ್ರ್ಯಾಕ್. ಒಂದೊಂದನ್ನೂ ಬೇರೆ ಬೇರೆಯಾಗಿ ಪ್ರೈವೇಟ್ ಇಟ್ಟು ಅಪ್‌ಲೋಡ್ ಮಾಡಿ, ಯೂಟ್ಯೂಬಿನ ಕಾಪಿರೈಟ್ ತಪಾಸಣೆ ಮುಗಿಯುವ ತನಕ ಕಾದೆ. ನನ್ನ ದನಿ, ಏನೂ ಇಲ್ಲ. ದಮ್ಮಡಿ, ಏನೂ ಇಲ್ಲ. ತಾಳ, ಹಾರ್ಮೋನಿಯಂ, ಏನೂ ಇಲ್ಲ. ಹಿಂದೆ ಗುಂಯ್ ಅನ್ನುವ ತಂಬೂರಿ ಹಾಕಿದೆ ನೋಡಿ, ಕ್ಲೇಮ್ ಬಂತು. ಅದು ಏಳುನೂರು ರೂಪಾಯಿ ಕೊಟ್ಟು ಕೊಂಡ ರೆಡಿಮೇಡ್ ಲೂಪ್, ಮತ್ತೆ ಮತ್ತೆ ತಿರುಗಿಸಿ ಹಾಕುವ ರೆಕಾರ್ಡಿಂಗ್ ತುಣುಕು. ಅದನ್ನೇ ಅವರೂ ಕೊಂಡಿದ್ದರು. ಎಲ್ಲರಿಗೂ ಮಾರುವ ಲೂಪ್ ಇರುವ ಹಾಡನ್ನು ಕಂಟೆಂಟ್ ಐಡಿಗೆ, ಅಂದ್ರೆ ಒಂದೇ ದನಿಯ ವಿಡಿಯೊಗಳನ್ನು ತಾನೇ ಹುಡುಕಿ ಕ್ಲೇಮ್ ಹಾಕುವ ಯೂಟ್ಯೂಬಿನ ವ್ಯವಸ್ಥೆಗೆ, ಕೊಡುವ ಹಾಗಿಲ್ಲ. ಆದರೂ ಕೊಟ್ಟಿದ್ದರು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಲೂಪಿನ ಶ್ರುತಿ ಅರ್ಧ ಮನೆ ಏರಿಸಿದೆ, ಆದರೂ ಹಿಡಿಯಿತು. ಇನ್ನೂ ಏರಿಸಿದೆ, ಬಿಟ್ಟಿತು. ಆದರೆ ತಂಬೂರಿಯ ಗುಣವೇ ಹೋಗಿತ್ತು. ಕ್ಲೇಮ್ ತಪ್ಪಿಸಲು ಶ್ರುತಿ ಕೆಡಿಸುವುದು ನನಗೆ ಒಗ್ಗಲಿಲ್ಲ.

ಡಿಸ್ಪ್ಯೂಟ್‌ನಲ್ಲಿ ಲೂಪಿನ ಲೈಸೆನ್ಸ್ ವಿವರ, ಕೊಂಡ ತಾರೀಖು, ಯಾವ ನಿಮಿಷದಿಂದ ಯಾವ ನಿಮಿಷಕ್ಕೆ ಅದೇ ದನಿ ಇದೆ, ಎಲ್ಲ ಬರೆದೆ. ಉತ್ತರಿಸಲು ಆ ಕಂಪನಿಗೆ 30 ದಿನ ಸಮಯ. ಇನ್ನೇನು ಮುಗಿಯಿತು ಅನ್ನುವಾಗ ತಿರಸ್ಕರಿಸಿದರು. ಮುಂದೆ ಅಪೀಲು. ಎಲ್ಲರೂ ಹೆದರಿಸಿದ್ದು ಇಲ್ಲೇ. ಅವರು ಟೇಕ್‌ಡೌನ್, ಅಂದ್ರೆ ವಿಡಿಯೊ ತೆಗೆಸುವ ಬೇಡಿಕೆ, ಕಳಿಸಿದರೆ ಚಾನೆಲ್ ಮೇಲೆ ಸ್ಟ್ರೈಕ್ ಅನ್ನುವ ಎಚ್ಚರಿಕೆ ಬೀಳುತ್ತದೆ, ಅಂಥ ಮೂರು ಸೇರಿದರೆ ಚಾನೆಲ್ಲೇ ಹೋಗಬಹುದು. ನಾನು ಅಪೀಲು ಹಾಕಿದೆ. ಅದರ ಮೊದಲ ಎರಡು ಸಾಲು ಹೇಗೆ ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ, ಕಷ್ಟಪಟ್ಟು ಕಲಿತದ್ದು. ಅಪೀಲಿಗೆ ಉತ್ತರಿಸಲು ಇದ್ದ 7 ದಿನದಲ್ಲಿ ಅವರು ಉಸಿರೇ ಎತ್ತಲಿಲ್ಲ. ಕ್ಲೇಮ್ ಬಿತ್ತು. ಅದೇ ಲೂಪ್ ಇದ್ದ ಇನ್ನೆರಡು ಹಾಡುಗಳದ್ದೂ ಹೀಗೇ ಬಿಡಿಸಿಕೊಂಡೆ. ಒಟ್ಟು ಹನ್ನೊಂದು ಸಾವಿರ ಚಿಲ್ಲರೆ ವಾಪಸ್ ಬಂತು. "ಬಿಡ್ರಿ" ಅಂದಿದ್ದ ಸ್ಟುಡಿಯೊದವರು ಈಗ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಈಗ ಲೂಪ್ ಹಾಕುವುದೇ ಇಲ್ಲ. ಎರಡೂವರೆ ಸಾವಿರಕ್ಕೆ ಒಂದು ಏಕತಾರಿ ತಂದೆ. ನಸುಕಿನಲ್ಲಿ ಫ್ಯಾನ್ ಆರಿಸಿ, ಇಪ್ಪತ್ತು ನಿಮಿಷ ಒಂದೇ ಸಮನೆ ಮೀಟಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ನಡುವೆ ಒಂದು ಕಡೆ ಹಾಲಿನವನ ಸೈಕಲ್ ಗಂಟೆ ಕೇಳುತ್ತದೆ. ಅದನ್ನು ತೆಗೆದಿಲ್ಲ.