ಮಗ್ಗಿಗೆ ಧಾಟಿ ಬೇಡ, ತಾಳ ಸಾಕು

ಮೂರನೇತ್ತೆಯವರೆಗಿನ ನಲಿ-ಕಲಿ (ಹಾಡು, ಆಟದ ಮೂಲಕ ಕಲಿಕೆ) ಮುಗಿಸಿ ನಾಲ್ಕನೇತ್ತೆಗೆ ಬಂದ ಕೂಡಲೇ ಮಕ್ಕಳ ಗಣಿತದಿಂದ ಹಾಡು ಮಾಯವಾಗುತ್ತದೆ. ಗದಗ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಐದು, ಆರನೇತ್ತೆಗೆ ಅದನ್ನು ವಾಪಸ್ ತಂದೆ. "ಸರ್, ಗಣಿತಾ ಹೇಳಾಕತ್ತೀರೋ, ಭಜನಿ ಮಾಡಾಕತ್ತೀರೋ?" ಎಂದು ಕೇಳುತ್ತಿದ್ದ ಸಹೋದ್ಯೋಗಿಗಳೇ ಈಗ ತಮ್ಮ ಮಕ್ಕಳನ್ನು ನನ್ನ ಪಿರಿಯಡ್‌ಗೆ ಕಳಿಸುತ್ತಾರೆ.

ಮೊದಲು ಸಿನಿಮಾ ಧಾಟಿಗೆ ಮಗ್ಗಿ ಕೂಡಿಸಿದೆ. ಮಕ್ಕಳು ಕುಣಿದಾಡಿ ಹಾಡಿದರು. ಆದರೆ ನಡುವೆ ತಡೆದು "ಏಳಾರಲೆ ಎಷ್ಟು?" ಎಂದರೆ ಏಳೊಂದಲೆಯಿಂದಲೇ ಹಾಡಿಕೊಂಡು ಬರಬೇಕು. ಧಾಟಿ ಮುಂದಿನ ಸಾಲನ್ನು ಎಳೆದು ತರುತ್ತದೆ, ಬಿಡಿಯಾಗಿ ಒಂದನ್ನೂ ಕೊಡುವುದಿಲ್ಲ. ಸ್ಪೀಕರ್, ಸಣ್ಣ ಕೀಬೋರ್ಡ್ ಅಂತ ಸ್ವಂತ ಜೇಬಿನಿಂದ ಆರೇಳು ಸಾವಿರ ಹೋಯಿತು. ಹಲಗಿ ತಂದರೆ ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಬೆಂಕಿಗೆ ಹಿಡಿದು ಕಾಯಿಸಬೇಕು, ಶಾಲೆಯಲ್ಲಿ ಅದೆಲ್ಲಿ ಆದೀತು?

ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ತಬಲಾದವರೊಬ್ಬರು ಒಂದೇ ಮಾತು ಹೇಳಿದರು: "ಧಾಟಿ ಬಿಡ್ರಿ, ಮಾತ್ರೆ ಹಿಡೀರಿ." ಮಾತ್ರೆ ಅಂದರೆ ತಾಳದ ಒಂದೊಂದು ಎಣಿಕೆ. ಅಲ್ಲಿಂದ ಬೆಂಚು, ಅಂಗೈ ಎರಡೇ ವಾದ್ಯ. ಏಳರ ಮಗ್ಗಿಗೆ ಏಳು ಮಾತ್ರೆಯ ಹಿಂದೂಸ್ತಾನಿ ರೂಪಕ ತಾಳ, 3-2-2. ಒಂದು ಆವರ್ತನದಲ್ಲಿ (ತಾಳದ ಒಂದು ಸುತ್ತಿನಲ್ಲಿ) ನಾನು ಕೇಳುತ್ತೇನೆ, ಮುಂದಿನದರ ಮೊದಲ ಮಾತ್ರೆಗೆ ಉತ್ತರ ಬೀಳಬೇಕು. ಕ್ರಮ ಇಲ್ಲ: ಏಳೊಂಬತ್ತಲೆ, ಏಳ್ಮೂರಲೆ, ಏಳಾರಲೆ. ಉತ್ತರ ಬರದಿದ್ದರೆ ಚಪ್ಪಾಳೆಯೊಂದೇ ಸಾಕು, ತಾಳ ಮಾತ್ರ ಮುರಿಯಬಾರದು. ಯಾವ ಪ್ರಶ್ನೆಯ ಹಿಂದೆ ಯಾವುದನ್ನು ಕೇಳಿದರೆ ಬೇಗ ಕೂರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ತರಗತಿಗೆ ಬಂದು ನೋಡಿ. ಸುಮಾರು ನಲವತ್ತು ಮಕ್ಕಳಲ್ಲಿ ಹತ್ತು-ಹನ್ನೆರಡು ಮಂದಿಗೆ ಬರುತ್ತಿದ್ದ ಮಗ್ಗಿ ಈಗ ಮೂವತ್ತಕ್ಕೂ ಹೆಚ್ಚು ಮಂದಿಗೆ ಬರುತ್ತದೆ.

ನಿಜವಾದ ಲಾಭ ಸಿಕ್ಕಿದ್ದು ಲ.ಸಾ.ಅ.ದಲ್ಲಿ (ಲಘುತಮ ಸಾಮಾನ್ಯ ಅಪವರ್ತ್ಯ). 4 ಮತ್ತು 6 ಕೊಟ್ಟರೆ ಗುಣಿಸಿ 24 ಬರೆಯುವ ಚಟ ನಿಮಗೆಲ್ಲ ಗೊತ್ತು. ಎಲ್ಲರೂ ಕೂಡಿ ಎಣಿಸಬೇಕು; ಎಡಗಡೆ ಸಾಲು ಪ್ರತಿ ನಾಲ್ಕನೆಯ ಮಾತ್ರೆಗೆ, ಬಲಗಡೆ ಸಾಲು ಪ್ರತಿ ಆರನೆಯದಕ್ಕೆ ಚಪ್ಪಾಳೆ. ಹನ್ನೆರಡಕ್ಕೇ ಎರಡೂ ಕೂಡಿ 'ಠಪ್' ಎಂದು ಬಿತ್ತು. "ಸರ್, ಇಪ್ಪತ್ನಾಲ್ಕರತನಕಾ ಹೋಗೂದೇ ಬ್ಯಾಡ್ರಿ!" ಎಂದು ಹಿಂದಿನ ಬೆಂಚಿನ ಹುಡುಗನೇ ಕೂಗಿದ. ದುಗುಣ್, ತಿಗುಣ್ (ಒಂದು ಮಾತ್ರೆಯಲ್ಲಿ ಎರಡು, ಮೂರು ಅಕ್ಷರ) ಹೇಳಿಸಿದ ಮೇಲೆ ಮೂರನೇ ಒಂದು ಭಾಗ ಅರ್ಧಕ್ಕಿಂತ ದೊಡ್ಡದು ಎನ್ನುವ ತಕರಾರೂ ನಿಂತಿತು. ಒಂದು ಮಾತ್ರೆಯಲ್ಲಿ ಮೂರಕ್ಷರ ತುರುಕಿದರೆ ಒಂದೊಂದಕ್ಕೆ ಎಷ್ಟು ಕಡಿಮೆ ಜಾಗ ಅಂತ ನಾಲಿಗೆಗೇ ತಿಳಿಯುತ್ತದೆ.

ಲಾವಣಿ ಮಟ್ಟಿನಲ್ಲಿ ಮೊದಲ 20 ಧಾತುಗಳನ್ನೂ ಹೇಳಿಸಿದೆ. ಕ್ರಮ ಬಂತು, ವೇಲೆನ್ಸಿ (ಧಾತು ಎಷ್ಟು ಬಂಧ ಮಾಡುತ್ತದೆ ಎನ್ನುವ ಸಂಖ್ಯೆ) ಬರಲಿಲ್ಲ. ಇತಿಹಾಸದ ಇಸವಿಗಳು ಹಾಡಿಗೆ ಒಗ್ಗಲೇ ಇಲ್ಲ, ಬಿಟ್ಟೆ.

ಈ ವರ್ಷ ಭಿನ್ನರಾಶಿಗಾಗಿ ಕಟ್ಟಿಗೆಯ ಹಲಗೆಗೆ ತಂತಿ ಬಿಗಿದಿದ್ದೇನೆ, ಖರ್ಚು ಮುನ್ನೂರರೊಳಗೆ. ತಂತಿ 60 ಸೆಂ.ಮೀ., ಕೆಳಗೆ ಸರಿಸುವ ಕಟ್ಟಿಗೆ ತುಂಡು. ಪೂರ್ತಿ ತಂತಿ ಮೀಟಿದರೆ ಸ; ಮೀಟುವ ಉದ್ದ 30ಕ್ಕೆ ಇಳಿಸಿದರೆ ತಾರ ಷಡ್ಜ (ಮೇಲಿನ ಸ), 40ಕ್ಕೆ ಪ, 45ಕ್ಕೆ ಮ. ಹಾರ್ಮೋನಿಯಂ ಕಲಿಯುವ ಹುಡುಗಿಯೊಬ್ಬಳು 'ಗ' ಹುಡುಕುತ್ತಾ ತುಂಡನ್ನು 48ರ ಹತ್ತಿರ ನಿಲ್ಲಿಸಿದಳು. 48/60 ಅನ್ನು 4/5 ಎಂದು ಬೋರ್ಡಿನ ಮೇಲೆ ಸಂಕ್ಷೇಪಿಸಿದವಳೂ ಅವಳೇ.