ಜೂಕ್‌ಬಾಕ್ಸ್‌ಗೆ ಬೆಳಗುವ ಗುಂಡಿಗಳ ಫಲಕ

ಕಂಪ್ಯೂಟರಿನಿಂದ ಹಾಡು ನುಡಿಸುವ ಪೆಟ್ಟಿಗೆ, ಅಂದರೆ ಜೂಕ್‌ಬಾಕ್ಸ್ ನಡೆಸಲು ಆರು ಗುಂಡಿ ಸಾಕು: ಪ್ಲೇ, ಹಿಂದೆ, ಮುಂದೆ, ಧ್ವನಿ ಏರಿಕೆ, ಇಳಿಕೆ, ಪಟ್ಟಿ.

ಗುಂಡಿ ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಬೋರ್ಡ್ 5 ವೋಲ್ಟಿನ ಪ್ರೊ ಮೈಕ್ರೋ ಇರಲಿ. ಅದರ ಎಟಿಮೆಗಾ32ಯು4 ಚಿಪ್ ಕಂಪ್ಯೂಟರಿಗೆ ನೇರ ಕೀಬೋರ್ಡ್ ಆಗಿಯೇ ಕಾಣುತ್ತದೆ. ಕೈಲಿದೆ ಎಂದು ಆರ್ಡುಯಿನೋ ಊನೋ ಆರ್3 ಬೋರ್ಡ್ ಬಳಸಹೋಗಬೇಡಿ, ಅದರ ಮುಖ್ಯ ಚಿಪ್‌ಗೆ ಆ ಸಾಮರ್ಥ್ಯವಿಲ್ಲ. ಗುಂಡಿ ಕೊಳ್ಳುವಾಗ ಎಲ್‌ಇಡಿಯ ವೋಲ್ಟೇಜ್ ಕೇಳಿ. 12 ವೋಲ್ಟಿನದು ಯುಎಸ್‌ಬಿಯ 5 ವೋಲ್ಟಿಗೆ ಮಂಕು, ಕೆಲವು ಉರಿಯುವುದೇ ಇಲ್ಲ.

ಸ್ವಿಚ್ಚುಗಳ ಕಾಮನ್ ಕಾಲುಗಳನ್ನೆಲ್ಲ ಒಂದೇ ತಂತಿಯಲ್ಲಿ ಪೋಣಿಸಿ ಗ್ರೌಂಡಿಗೆ ಕೊಡಿ. ಎನ್‌ಓ (ಒತ್ತಿದಾಗ ಮಾತ್ರ ಕಾಮನ್‌ಗೆ ಸೇರುವ) ಕಾಲುಗಳು ಬೋರ್ಡಿನ 2ರಿಂದ 7ರ ಪಿನ್‌ಗೆ. ಎನ್‌ಸಿಗೆ (ಒತ್ತದಿದ್ದಾಗ ಸೇರಿರುವ ಕಾಲಿಗೆ) ಕೊಟ್ಟರೆ ಗುಂಡಿ ಒತ್ತದಿದ್ದಾಗ ಸದಾ ಒತ್ತಿದಂತೆಯೇ ಇರುತ್ತದೆ. ಕೋಡಿನಲ್ಲಿ ಪಿನ್‌ಗಳನ್ನು ಇನ್‌ಪುಟ್ ಪುಲ್‌ಅಪ್ (ಚಿಪ್ಪಿನೊಳಗಿನ ರೆಸಿಸ್ಟರ್ ಬಳಸುವ ವಿಧಾನ) ಮಾಡಿದರೆ ಸ್ವಿಚ್ಚಿಗೆ ಬೇರೆ ರೆಸಿಸ್ಟರ್ ಬೇಡ.

ಎಲ್‌ಇಡಿಗೆ ಮಾತ್ರ ವಿದ್ಯುತ್ ಹರಿವು ತಡೆಯುವ ರೆಸಿಸ್ಟರ್ ಬೇಕೇ ಬೇಕು. 8, 9, 10, 14, 15, 16ರ ಪಿನ್‌ನಿಂದ ತಲಾ 220 ಓಮ್ ರೆಸಿಸ್ಟರ್ ಮೂಲಕ ಎಲ್‌ಇಡಿಯ ಪ್ಲಸ್ಸಿಗೆ, ಮೈನಸ್ ಗ್ರೌಂಡಿಗೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋದರೆ ಉಳಿದ 3 ವೋಲ್ಟಿಗೆ 14 ಮಿಲಿಆಂಪ್ ಹರಿಯುತ್ತದೆ. ಪಿನ್ನಿಗೆ ಅದು ಹಗುರ. ಗುಂಡಿಯೊಳಗೇ 5 ವೋಲ್ಟಿಗೆ ತಕ್ಕ ರೆಸಿಸ್ಟರ್ ಇದ್ದರೆ ಇದು ಬೇಡ.

ಕೋಡಿನಲ್ಲಿ ಎಫ್13ರಿಂದ ಎಫ್18ರವರೆಗಿನ ಕೀಲಿ ಕಳುಹಿಸಿ, ಪ್ಲೇಯರಿನಲ್ಲಿ ಹೊಂದಿಸಿ. ಮಾಮೂಲಿ ಕೀಬೋರ್ಡಿನಲ್ಲಿ ಅವಿಲ್ಲ, ಹಾಗಾಗಿ ಅಡ್ಡಬರುವುದಿಲ್ಲ. ಒತ್ತಿದ ಮೇಲೆ 20 ಮಿಲಿಸೆಕೆಂಡ್ ಕಾಯದಿದ್ದರೆ ಲೋಹದ ಕಂಪನದಿಂದ ಒಮ್ಮೆಗೇ ಎರಡು ಹಾಡು ಹಾರುತ್ತವೆ.

ಮಂಗಳೂರು, ಮಲ್ಪೆಯ ಉಪ್ಪುಗಾಳಿಗೆ ಸಿಕ್ಕಿಸುವ ಟರ್ಮಿನಲ್ ಬೇಗ ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿ, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೊಡಿಸಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಜೂನ್ ಮಳೆಗೆ ಉಬ್ಬಿ ಗುಂಡಿ ಸಿಕ್ಕಿಕೊಳ್ಳುತ್ತದೆ. ನೀರು ತಡೆಯುವ ಮರೀನ್ ಪ್ಲೈವುಡ್ ತಂದು, ಕೊರೆದ ತೂತುಗಳ ಒಳಂಚಿಗೂ ವಾರ್ನಿಶ್ ಹಚ್ಚಿ.